ಆಕ್ಲೆಂಡ್‌ನಲ್ಲೇ ಹುಟ್ಟಿದ ಇಬ್ಬರು, ಒಬ್ಬರಿಗೆ ಐರ್ಲೆಂಡ್ ಜೆರ್ಸಿ, ಇನ್ನೊಬ್ಬರಿಗೆ ಟೋಂಗಾ ಜೆರ್ಸಿ: ಇದು ಹೇಗೆ?

2023ರ ಸೆಪ್ಟೆಂಬರ್ 16. ಫ್ರಾನ್ಸ್‌ನ ನಾಂತ್ ಊರಿನಲ್ಲಿ ರಗ್ಬಿ ವಿಶ್ವಕಪ್ಪಿನ ಐರ್ಲೆಂಡ್-ಟೋಂಗಾ ಪಂದ್ಯ. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಐರ್ಲೆಂಡ್ 59-16ರಿಂದ ಗೆದ್ದಿತು, ಅದರಲ್ಲಿ ಆಶ್ಚರ್ಯ ಏನಿಲ್ಲ. ಆಶ್ಚರ್ಯ ಇದ್ದದ್ದು ಆಡಿದವರ ಪಟ್ಟಿಯಲ್ಲಿ.

ಐರ್ಲೆಂಡ್ ಕಡೆ ಬಂಡೀ ಆಕಿ ಇದ್ದರು. ಹುಟ್ಟಿದ್ದು ನ್ಯೂಜಿಲೆಂಡ್‌ನ ಆಕ್ಲೆಂಡ್, ಮನೆಯವರು ಸಮೋವಾ ಮೂಲದವರು. ಟೋಂಗಾ ಕಡೆ ಚಾರ್ಲ್ಸ್ ಪಿಯುಟಾವ್. ಇವರು ಹುಟ್ಟಿದ್ದೂ ಅದೇ ಆಕ್ಲೆಂಡ್. ಸಾಲದ್ದಕ್ಕೆ ಮುಂಚೆ ನ್ಯೂಜಿಲೆಂಡ್‌ನ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್ ಪರ 17 ಟೆಸ್ಟ್, ಅಂದರೆ ದೇಶ-ದೇಶದ ನಡುವಿನ ಪಂದ್ಯ, ಆಡಿದ್ದವರು! ಅವರ ಜೊತೆಗೆ ಟೋಂಗಾ ತಂಡದಲ್ಲಿದ್ದ ಮಲಕಾಯ್ ಫೆಕಿಟೋವಾ ಕೂಡ ಹಳೇ ಆಲ್ ಬ್ಲ್ಯಾಕ್, 24 ಟೆಸ್ಟ್ ಆಡಿದವರು, ಆದರೆ ಹುಟ್ಟಿದ್ದು ಮಾತ್ರ ಟೋಂಗಾದ ಹಾಪಾಯ್ ದ್ವೀಪಗಳಲ್ಲಿ. ಐರ್ಲೆಂಡ್‌ನ ವಿಂಗ್‌ಗಳಲ್ಲಿ, ಅಂದರೆ ಮೈದಾನದ ಎರಡು ಅಂಚುಗಳಲ್ಲಿ, ಒಂದು ಕಡೆ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಜೇಮ್ಸ್ ಲೋ, ಇನ್ನೊಂದು ಕಡೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಹುಟ್ಟಿದ ಮ್ಯಾಕ್ ಹ್ಯಾನ್ಸನ್.

ಮೊದಲ ಸಲ ನೋಡುವವರಿಗೆ ಇದು ಸಂತೆಯ ಹಾಗೆ ಕಾಣುತ್ತದೆ, ಯಾರು ಬೇಕಾದರೂ ಯಾವ ಅಂಗಡಿಯಲ್ಲಿ ಬೇಕಾದರೂ ಕೂತಿದ್ದಾರೆ ಅನ್ನಿಸುತ್ತದೆ. ಹಾಗಿಲ್ಲ. ಇವರಲ್ಲಿ ಒಬ್ಬೊಬ್ಬರೂ ಒಂದೊಂದು ನಿಯಮದ ಬಾಗಿಲಿನಿಂದ ಒಳಗೆ ಬಂದವರು. ಆ ಬಾಗಿಲುಗಳು ಯಾವುವು, ಯಾವುದಕ್ಕೆ ಬೀಗ ಯಾವಾಗ ಬೀಳುತ್ತದೆ ಅನ್ನೋದು ಗೊತ್ತಾದರೆ ಪಟ್ಟಿ ತಾನಾಗಿಯೇ ಅರ್ಥ ಆಗುತ್ತದೆ.

ಮೊದಲು ಒಂದು ವಿಷಯ ತಲೆಯಿಂದ ತೆಗೆದುಹಾಕಿ: ಪಾಸ್‌ಪೋರ್ಟ್. 15 ಜನರ ರಗ್ಬಿಯಲ್ಲಿ ದೇಶದ ಪರ ಆಡೋಕೆ ಆ ದೇಶದ ಪಾಸ್‌ಪೋರ್ಟ್ ಬೇಕು ಅಂತ ಈ ಆಟದ ಜಾಗತಿಕ ಮಂಡಳಿಯಾದ ವರ್ಲ್ಡ್ ರಗ್ಬಿ ಎಲ್ಲೂ ಕೇಳುವುದಿಲ್ಲ. ವಿಚಿತ್ರ ಅನ್ನಿಸಬಹುದು, ಆದರೆ ಈ ಆಟ ಬೆಳೆದದ್ದು ಎಲ್ಲಿ ಅಂತ ಸ್ವಲ್ಪ ಯೋಚಿಸಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಬೇರೆ ಬೇರೆ ತಂಡ, ಆದರೆ ಮೂರೂ ಕಡೆಯವರ ಪಾಸ್‌ಪೋರ್ಟ್ ಒಂದೇ, ಬ್ರಿಟಿಷ್. ಐರ್ಲೆಂಡ್‌ದು ಇದಕ್ಕೆ ಉಲ್ಟಾ: ಡಬ್ಲಿನ್‌ನವರೂ ಬೆಲ್‌ಫಾಸ್ಟ್‌ನವರೂ, ಅಂದರೆ ಎರಡು ಬೇರೆ ದೇಶಗಳ ನೆಲದವರು, ಒಂದೇ ತಂಡದಲ್ಲಿ ಆಡುತ್ತಾರೆ. ಇಂಥ ಕಡೆ ಪಾಸ್‌ಪೋರ್ಟ್ ನೋಡಿ ಏನನ್ನು ತೀರ್ಮಾನ ಮಾಡ್ತೀರಿ? ಹಾಗಾಗಿ ರಗ್ಬಿ ಬೇರೆ ಪ್ರಶ್ನೆ ಕೇಳುತ್ತದೆ. ನೀನು ಎಲ್ಲಿ ಹುಟ್ಟಿದೆ, ನಿನ್ನ ಅಪ್ಪ ಅಮ್ಮ ಅಜ್ಜ ಅಜ್ಜಿ ಎಲ್ಲಿ ಹುಟ್ಟಿದರು, ನೀನು ಎಷ್ಟು ವರ್ಷದಿಂದ ಎಲ್ಲಿ ಇದ್ದೀಯ.

ಇದೇ ಎಂಟನೇ ನಿಯಮ. ರಗ್ಬಿಯವರು ರೆಗ್ಯುಲೇಷನ್ 8 ಅನ್ನುತ್ತಾರೆ. ನೀವು ಆ ದೇಶದಲ್ಲಿ ಹುಟ್ಟಿದ್ದರೆ ಸರಿ. ನಿಮ್ಮ ಅಪ್ಪ, ಅಮ್ಮ, ನಾಲ್ವರು ಅಜ್ಜ-ಅಜ್ಜಿಯರು, ಇವರಲ್ಲಿ ಒಬ್ಬರೇ ಒಬ್ಬರು ಅಲ್ಲಿ ಹುಟ್ಟಿದ್ದರೂ ಸರಿ. ಅದ್ಯಾವುದೂ ಇಲ್ಲವಾ? ಆಡುವ ದಿನಕ್ಕೆ ಮುಂಚಿನ 60 ತಿಂಗಳು ಬಿಡದೆ ಆ ದೇಶದ ರಗ್ಬಿ ಮಂಡಳಿಯಲ್ಲೇ ನೋಂದಣಿ ಆಗಿದ್ದರೆ ಸರಿ, ಇಲ್ಲ ಜೀವಮಾನದಲ್ಲಿ ಒಟ್ಟು 10 ವರ್ಷ ಅಲ್ಲಿ ಕಳೆದಿದ್ದರೂ ಸರಿ.

ಹ್ಯಾನ್ಸನ್‌ಗೆ ದಾರಿ ತೆರೆದದ್ದು ಅಮ್ಮ. ಅವರು ಐರ್ಲೆಂಡ್‌ನ ಕಾರ್ಕ್‌ನವರು. ಸ್ಕಾಟ್ಲೆಂಡ್ ನಾಯಕನೂ ಆದ ಸಿಯೋನೆ ಟುಯಿಪುಲೋಟು ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಹೆಸರು ಟೋಂಗಾದ್ದು, ಆದರೆ ಅಜ್ಜಿ ಸ್ಕಾಟ್ಲೆಂಡ್‌ನ ಗ್ರೀನಕ್‌ನವರು. ಅಷ್ಟು ಸಾಕು.

ಆಕಿ ಮತ್ತು ಲೋ ಬಂದದ್ದು ವಾಸದ ಬಾಗಿಲಿನಿಂದ. ಅವರ ಕಾಲದಲ್ಲಿ ಅದು 60 ತಿಂಗಳಲ್ಲ, 36. ಆಕಿ 2014ರಲ್ಲಿ ಐರ್ಲೆಂಡ್‌ನ ಕೊನಾಕ್ಟ್ ತಂಡಕ್ಕೆ ಬಂದರು, ಮೂರು ವರ್ಷ ತುಂಬಿದ ಕೂಡಲೇ, 2017ರ ನವೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾ ಎದುರು ಐರ್ಲೆಂಡ್‌ನ ಹಸಿರು ಜೆರ್ಸಿ ಹಾಕಿದರು. ಇದು ಕಾಕತಾಳೀಯ ಅಲ್ಲ. ದಕ್ಷಿಣ ಗೋಳಾರ್ಧದಲ್ಲಿ ತಂಡಕ್ಕೆ ಸ್ವಲ್ಪದರಲ್ಲೇ ಆಯ್ಕೆ ತಪ್ಪಿದ ಪ್ರತಿಭಾವಂತರನ್ನು ಹುಡುಕಿ ಕರೆತಂದು, ಮೂರು ವರ್ಷ ಇಟ್ಟುಕೊಂಡು, ಆಮೇಲೆ ದೇಶದ ತಂಡಕ್ಕೆ ಸೇರಿಸುವುದು ಆಗ ಒಂದು ಲೆಕ್ಕಾಚಾರವೇ ಆಗಿತ್ತು. ಇಂಥವರಿಗೆ 'ಪ್ರಾಜೆಕ್ಟ್ ಪ್ಲೇಯರ್' ಅನ್ನೋ ಹೆಸರೇ ಬಿತ್ತು. ಮನುಷ್ಯರನ್ನು ಪ್ರಾಜೆಕ್ಟ್ ಅಂತ ಕರೆಯೋದು ನನಗಂತೂ ಹಿಡಿಸುವುದಿಲ್ಲ, ಆದರೆ ಹೆಸರು ಸುಳ್ಳಲ್ಲ. ಆಗ ವರ್ಲ್ಡ್ ರಗ್ಬಿಯ ಉಪಾಧ್ಯಕ್ಷರಾಗಿದ್ದ ಅರ್ಜೆಂಟೀನಾದ ಮಾಜಿ ನಾಯಕ ಆಗುಸ್ಟಿನ್ ಪಿಚೋಟ್ ಇದರ ಹಿಂದೆ ಬಿದ್ದರು, ಮೂರು ವರ್ಷ ತೀರಾ ಕಡಿಮೆ ಅಂತ ವಾದ ಮಾಡಿದರು. 2017ರ ಮೇ ತಿಂಗಳಲ್ಲಿ ಜಪಾನ್‌ನ ಕ್ಯೋಟೋದಲ್ಲಿ ಸಭೆ ಸೇರಿ ಮೂರನ್ನು ಐದು ಮಾಡಿದರು. 2020ರ ಕೊನೆಗೆ ಜಾರಿಗೆ ಬರಬೇಕಿತ್ತು, ಕೊವಿಡ್‌ನಿಂದ 2022ಕ್ಕೆ ಹೋಯಿತು.

ವಾಸದ ದಾರಿ ಎಂದರೆ ಬರೀ ಲೆಕ್ಕಾಚಾರ ಅಂತಲೂ ಅಲ್ಲ. ಜಪಾನ್‌ನ ಮೈಕಲ್ ಲೀಚ್ ಅವರನ್ನೇ ನೋಡಿ. ಹುಟ್ಟಿದ್ದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್, ಅಮ್ಮ ಫಿಜಿಯವರು. 15ನೇ ವಯಸ್ಸಿಗೆ ಓದೋಕೆ ಅಂತ ಜಪಾನ್‌ನ ಸಪ್ಪೋರೋಗೆ ಹೋದ ಹುಡುಗ ಅಲ್ಲೇ ಬೆಳೆದು, 2015ರಲ್ಲಿ ದಕ್ಷಿಣ ಆಫ್ರಿಕಾವನ್ನು 34-32ರಿಂದ ಸೋಲಿಸಿದ ಜಪಾನ್ ತಂಡದ ನಾಯಕ ಆದರು. ಅವರನ್ನು ಬಾಡಿಗೆ ಆಟಗಾರ ಅನ್ನೋಕೆ ಯಾರಿಗಾದರೂ ಬಾಯಿ ಬರುತ್ತಾ?

ಬಾಗಿಲಿನ ಕಥೆ ಇಷ್ಟೇ. ನಿಜವಾದ ಕಷ್ಟ ಇರೋದು ಬೀಗದಲ್ಲಿ.

ಒಬ್ಬ ಆಟಗಾರನಿಗೆ ಎರಡು ಮೂರು ದೇಶಗಳ ಬಾಗಿಲು ಒಟ್ಟಿಗೆ ತೆರೆದಿರಬಹುದು. ಆಕಿಗೆ ನ್ಯೂಜಿಲೆಂಡ್, ಸಮೋವಾ, ಐರ್ಲೆಂಡ್ ಮೂರೂ ತೆರೆದಿದ್ದವು. ಆದರೆ ಒಂದು ದೇಶದ ಹಿರಿಯರ ತಂಡದ ಪರ ಮೈದಾನಕ್ಕೆ ಕಾಲಿಟ್ಟರೆ ಉಳಿದ ಬಾಗಿಲುಗಳಿಗೆ ಬೀಗ. ಕೊನೇ ಒಂದು ನಿಮಿಷಕ್ಕೆ ಬದಲಿ ಆಟಗಾರನಾಗಿ ಬಂದರೂ ಬೀಗವೇ. ಬೆಂಚ್ ಮೇಲೆ ಕೂತು ಎದ್ದು ಹೋದರೆ ಮಾತ್ರ ಇಲ್ಲ. ಇದಕ್ಕೆ ರಗ್ಬಿಯಲ್ಲಿ ಕ್ಯಾಪ್ಚರ್ ಅನ್ನುತ್ತಾರೆ, ಸೆರೆ ಸಿಕ್ಕ ಹಾಗೆ. ಹಿರಿಯರ ತಂಡ ಮಾತ್ರ ಅಲ್ಲ, ದೇಶವೊಂದು ತನ್ನ ಎರಡನೇ ತಂಡ ಅಂತ ಹೆಸರಿಸಿದ ತಂಡದಲ್ಲಿ ಆಡಿದರೂ, ದೇಶದ ಸೆವೆನ್ಸ್ (ಏಳು ಜನರ ರಗ್ಬಿ) ತಂಡದಲ್ಲಿ ಆಡಿದರೂ ಕ್ಯಾಪ್ಚರ್ ಆಗಬಹುದು.

ಈ 'ಎರಡನೇ ತಂಡ' ಅನ್ನೋದು ಎಷ್ಟು ಹುಡುಗರನ್ನು ಕಾಡಿತು ಗೊತ್ತಾ? ಕೆಲವು ದೇಶಗಳು 20 ವರ್ಷದೊಳಗಿನವರ ತಂಡವನ್ನೇ ಎರಡನೇ ತಂಡ ಅಂತ ಬರೆಸಿಟ್ಟಿದ್ದವು. ಸ್ಟೀವನ್ ಶಿಂಗ್ಲರ್ ಅನ್ನೋ ಹುಡುಗ 2011ರಲ್ಲಿ ವೇಲ್ಸ್‌ನ ಆ ಕಿರಿಯರ ತಂಡದ ಪರ ಫ್ರಾನ್ಸ್‌ನ ಕಿರಿಯರ ಎದುರು ಆಡಿದರು. ಮುಂದಿನ ವರ್ಷ ಸ್ಕಾಟ್ಲೆಂಡ್ ಅವರನ್ನು ಕರೆಯಿತು, ಅವರೂ ಖುಷಿಯಿಂದ ಹೊರಟರು. ಆಗ ತೀರ್ಪು ಬಂತು, ನೀನು ವೇಲ್ಸ್‌ನವನು, ಎಲ್ಲೂ ಹೋಗುವ ಹಾಗಿಲ್ಲ ಅಂತ. ವೇಲ್ಸ್ ಹಿರಿಯರ ತಂಡ ಕೊನೆಗೂ ಅವರನ್ನು ಆಡಿಸಲಿಲ್ಲ! ಕಿರಿಯರ ತಂಡವನ್ನು ಹೀಗೆ ಹೆಸರಿಸುವುದನ್ನು 2018ರಿಂದ ನಿಲ್ಲಿಸಿದ್ದಾರೆ.

ಮುಂಚೆ ಈ ಬೀಗವೇ ಇರಲಿಲ್ಲ. ಮೈಕಲ್ ಜೋನ್ಸ್ 1986ರಲ್ಲಿ ಸಮೋವಾ ಪರ ಆಡಿ, 1987ರಲ್ಲಿ ನ್ಯೂಜಿಲೆಂಡ್ ಪರ ವಿಶ್ವಕಪ್ ಗೆದ್ದರು. ಒಬ್ಬರಿಗೆ ಒಂದೇ ದೇಶ ಅನ್ನೋ ಬಿಗಿ ಬಂದದ್ದು 2000ದಿಂದ.

ಈಗ ಪಿಯುಟಾವ್ ಕಥೆಗೆ ಬರೋಣ, ಯಾಕೆಂದರೆ ಹೊರದೇಶಕ್ಕೆ ಹೋಗುವ ಆಟಗಾರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಅನ್ನೋದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರ ಅಣ್ಣ ಸಿಯಾಲೆ ಪಿಯುಟಾವ್ ಟೋಂಗಾ ಆರಿಸಿಕೊಂಡರು, 2019ರ ವಿಶ್ವಕಪ್‌ನಲ್ಲಿ ನಾಯಕರೂ ಆಗಿದ್ದರು. ತಮ್ಮ ಚಾರ್ಲ್ಸ್ 2013ರಲ್ಲಿ ಆಲ್ ಬ್ಲ್ಯಾಕ್ಸ್ ಸೇರಿದರು. 2015ರಲ್ಲಿ ಹೊರದೇಶದ ಕ್ಲಬ್‌ಗೆ ಸಹಿ ಹಾಕಿ, ವಾಸ್ಪ್ಸ್, ಅಲ್ಸ್ಟರ್, ಬ್ರಿಸ್ಟಲ್ ಅಂತ ಒಂದೊಂದೇ ಕಡೆ ಆಡಿದರು. ಆಗ ಅವರ ಮುಂದೆ ಎರಡನೇ ಬಾಗಿಲು ಮುಚ್ಚಿತು, ಇದನ್ನು ಮುಚ್ಚಿದ್ದು ವರ್ಲ್ಡ್ ರಗ್ಬಿ ಅಲ್ಲ, ನ್ಯೂಜಿಲೆಂಡ್.

ಇಲ್ಲೇ ಜಾಸ್ತಿ ಜನ ಗೊಂದಲ ಮಾಡಿಕೊಳ್ಳೋದು. ನೀನು ಈ ದೇಶಕ್ಕೆ ಆಡಬಹುದು ಅನ್ನೋದು ವರ್ಲ್ಡ್ ರಗ್ಬಿಯ ನಿಯಮ. ನಾವು ನಿನ್ನನ್ನು ಆರಿಸುತ್ತೇವೋ ಇಲ್ಲವೋ ಅನ್ನೋದು ಆ ದೇಶದ ರಗ್ಬಿ ಮಂಡಳಿಯ ಸ್ವಂತ ನೀತಿ. ನ್ಯೂಜಿಲೆಂಡ್ ತನ್ನ ನೆಲದಲ್ಲಿ ಆಡುವವರನ್ನು ಮಾತ್ರ ಆರಿಸುತ್ತದೆ. ಇಂಗ್ಲೆಂಡ್ ಕೂಡ ಹೆಚ್ಚುಕಮ್ಮಿ ಹಾಗೇ, ಇಂಗ್ಲಿಷ್ ಕ್ಲಬ್‌ಗಳಲ್ಲಿ ಇರುವವರೇ ಬೇಕು, ತೀರಾ ವಿಶೇಷ ಸಂದರ್ಭ ಬಿಟ್ಟು. ಆಸ್ಟ್ರೇಲಿಯಾ 2015ರಲ್ಲಿ ಒಂದು ವಿನಾಯಿತಿ ಮಾಡಿತು: 60 ಟೆಸ್ಟ್ ಆಡಿ, ಏಳು ವರ್ಷ ಆಸ್ಟ್ರೇಲಿಯಾ ರಗ್ಬಿಯಲ್ಲಿ ದುಡಿದವರು ಹೊರಗಿದ್ದರೂ ಆಡಬಹುದು ಅಂತ. ಮ್ಯಾಟ್ ಗಿಟೋ ಅವರಿಗೆ ಅನುಕೂಲ ಆದದ್ದರಿಂದ ಜನ ಅದನ್ನು ಗಿಟೋ ಕಾನೂನು ಅಂತಲೇ ಕರೆದರು, ಆಮೇಲೆ ಅದನ್ನು ಸಡಿಲ ಮಾಡಿದರು. ದಕ್ಷಿಣ ಆಫ್ರಿಕಾ ಎಲ್ಲಿದ್ದರೂ ಆರಿಸುತ್ತದೆ, ಎರಡು ವಿಶ್ವಕಪ್ ಬೆನ್ನುಬೆನ್ನಿಗೆ ಗೆದ್ದೂ ಆಯಿತು.

ಒಂದು ದೇಶ ಹೀಗೆ ಬಿಗಿ ಮಾಡುವುದಕ್ಕೆ ಕಾರಣ ಇದೆ. ಫ್ರಾನ್ಸ್, ಇಂಗ್ಲೆಂಡ್, ಜಪಾನ್‌ನ ಕ್ಲಬ್‌ಗಳು ಕೊಡುವ ಸಂಬಳಕ್ಕೆ ನ್ಯೂಜಿಲೆಂಡ್ ಸರಿಸಾಟಿ ಆಗಲಾರದು. ಕಪ್ಪು ಜೆರ್ಸಿಯೇ ಅವರ ಹತ್ತಿರ ಇರುವ ದೊಡ್ಡ ಸಂಬಳ. ಹೋದರೆ ಅದು ಹೋಗುತ್ತದೆ ಅನ್ನೋ ಭಯ ಇಲ್ಲದಿದ್ದರೆ ಮನೆಯ ಲೀಗ್ ಖಾಲಿ ಆಗುತ್ತದೆ. ಇದು ಅರ್ಥ ಆಗುವ ಮಾತು.

ಆದರೆ ಪಿಯುಟಾವ್ ಜಾಗದಲ್ಲಿ ನಿಂತು ನೋಡಿ. ನ್ಯೂಜಿಲೆಂಡ್ ಅವರನ್ನು ಆರಿಸುವುದಿಲ್ಲ, ಯಾಕೆಂದರೆ ಹೊರಗಿದ್ದಾರೆ. ಟೋಂಗಾ ಆರಿಸುವ ಹಾಗಿಲ್ಲ, ಯಾಕೆಂದರೆ ನ್ಯೂಜಿಲೆಂಡ್ ಬೀಗ ಬಿದ್ದಿದೆ. ಇಪ್ಪತ್ತೈದರ ಆಸುಪಾಸಿನ, ಆಟದ ಉತ್ತುಂಗದಲ್ಲಿದ್ದ ಒಬ್ಬ ಆಟಗಾರನಿಗೆ ದೇಶವೇ ಇಲ್ಲ! ಒಂದು ಬೀಗದ ಕೀಲಿ ಇಟ್ಟುಕೊಂಡವರು ಅದನ್ನು ಬಳಸುವುದೂ ಇಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಎರಡು ನಿಯಮವೂ ಒಂಟಿಯಾಗಿ ನೋಡಿದರೆ ನ್ಯಾಯವೇ. ಎರಡೂ ಸೇರಿದಾಗ ಮಾತ್ರ ಅನ್ಯಾಯ. ನನಗೆ ಈ ವಿಷಯದಲ್ಲಿ ಹೇಳೋಕೆ ಇರೋದು ಇದೊಂದೇ.

ಮತ್ತು ಇದರ ಪೆಟ್ಟು ಬಿದ್ದದ್ದು ಯಾರಿಗೆ? ಟೋಂಗಾ, ಸಮೋವಾ, ಫಿಜಿಗೆ. ಆ ದ್ವೀಪಗಳ ಕುಟುಂಬಗಳು ಕೆಲಸ, ಓದು ಅಂತ ಆಕ್ಲೆಂಡ್, ಸಿಡ್ನಿ, ಬ್ರಿಟನ್ ಕಡೆ ಚದುರಿವೆ. ಒಂದೇ ಮನೆಯ ಕಥೆ ಹೇಳ್ತೀನಿ. ಫೆಆವೋ ವುನಿಪೋಲಾ ಟೋಂಗಾ ನಾಯಕರಾಗಿದ್ದವರು, ರಗ್ಬಿ ಆಡೋಕೆ ವೇಲ್ಸ್‌ಗೆ ಬಂದರು. ಕುಲಿ ಫಲೆಟಾವ್ ಅವರೂ ಟೋಂಗಾ ಪರ ಆಡಿದವರೇ, ಅವರೂ ವೇಲ್ಸ್‌ಗೆ ಬಂದರು. ಫೆಆವೋ ಮಕ್ಕಳಲ್ಲಿ ಮಾಕೋ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ, ಬಿಲ್ಲಿ ಹುಟ್ಟಿದ್ದು ಸಿಡ್ನಿಯಲ್ಲಿ, ಇಬ್ಬರೂ ಆಡಿದ್ದು ಇಂಗ್ಲೆಂಡ್ ಪರ. ಕುಲಿ ಮಗ ಟಾಲುಪೆ ಹುಟ್ಟಿದ್ದು ಟೋಂಗಾದಲ್ಲಿ, ಆಡಿದ್ದು ವೇಲ್ಸ್ ಪರ. ಸಂಬಂಧದಲ್ಲಿ ಇವರೆಲ್ಲ ಅಣ್ಣತಮ್ಮಂದಿರು! ಟುಯಿಲಾಗಿ ಮನೆಯಲ್ಲಿ ಐವರು ಅಣ್ಣಂದಿರು ಸಮೋವಾ ಪರ ಆಡಿದರೆ, ಕೊನೇ ತಮ್ಮ ಮನು ಇಂಗ್ಲೆಂಡ್ ಪರ ಆಡಿದರು. ಒಂದೇ ಮನೆಯ ಊಟ, ಒಂದೇ ಭಾಷೆ, ಭಾನುವಾರ ಒಂದೇ ಚರ್ಚ್, ಆದರೆ ಶನಿವಾರ ಬೇರೆ ಬೇರೆ ರಾಷ್ಟ್ರಗೀತೆ. ಅವರವರ ಆಯ್ಕೆ, ತಪ್ಪೇನಿಲ್ಲ. ತೊಂದರೆ ಏನಪ್ಪಾ ಅಂದರೆ, ದೊಡ್ಡ ದೇಶಗಳು ಇಂಥ ಹುಡುಗರನ್ನು ನಾಲ್ಕಾರು ಪಂದ್ಯ ಆಡಿಸಿ ಬಿಟ್ಟಾಗಲೂ ಸಣ್ಣ ದೇಶಕ್ಕೆ ಅವರು ಸಿಗುತ್ತಿರಲಿಲ್ಲ.

ಬೀಗಕ್ಕೆ ಒಂದು ಕಳ್ಳಕೀಲಿ ಮಾತ್ರ ಇತ್ತು, ಅದೂ ಒಲಿಂಪಿಕ್ಸ್ ಕಡೆಯಿಂದ. 2016ರ ರಿಯೋದಲ್ಲಿ ಸೆವೆನ್ಸ್ ರಗ್ಬಿ ಒಲಿಂಪಿಕ್ಸ್‌ಗೆ ಬಂತು, ಒಲಿಂಪಿಕ್ಸ್ ಲೆಕ್ಕದಲ್ಲಿ ಪಾಸ್‌ಪೋರ್ಟ್ ಮುಖ್ಯ. ಹಾಗಾಗಿ ಎರಡನೇ ದೇಶದ ಪಾಸ್‌ಪೋರ್ಟ್ ಇರುವವರು, ಒಂದಷ್ಟು ಕಾಲ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಇದ್ದು, ಒಲಿಂಪಿಕ್ ಅರ್ಹತೆಯ ಸೆವೆನ್ಸ್ ಪಂದ್ಯದಲ್ಲಿ ಆ ದೇಶದ ಪರ ಆಡಿಬಿಟ್ಟರೆ, ಬೀಗ ಕಳಚಿ ಹೊಸ ದೇಶಕ್ಕೆ 15ರ ರಗ್ಬಿಯಲ್ಲೂ ಆಡಬಹುದಿತ್ತು. ಪಿಯುಟಾವ್ ಮತ್ತು ಫೆಕಿಟೋವಾ 2021ರ ಜೂನ್‌ನಲ್ಲಿ ಮೊನಾಕೋಗೆ ಹೋಗಿ ಟೋಂಗಾ ಪರ ಸೆವೆನ್ಸ್ ಆಡಿದ್ದು ಇದಕ್ಕೇ. ಅಜ್ಜನ ಊರಿಗೆ ಆಡೋಕೆ ಮೊನಾಕೋ ಸುತ್ತಿ ಬರಬೇಕು! ಇದನ್ನು ನೋಡಿ ನಗಬೇಕೋ ಅಳಬೇಕೋ.

ಆ ನವೆಂಬರ್‌ನಲ್ಲೇ ವರ್ಲ್ಡ್ ರಗ್ಬಿ ಕೌನ್ಸಿಲ್ ನೇರ ಕೀಲಿಯನ್ನೇ ಮಾಡಿಕೊಟ್ಟಿತು, 2022ರ ಜನವರಿ 1ರಿಂದ ಜಾರಿ. ಕೊನೆಯ ಅಂತರರಾಷ್ಟ್ರೀಯ ಪಂದ್ಯ ಆಡಿ 36 ತಿಂಗಳು ಕಳೆದಿರಬೇಕು. ಹೋಗಬೇಕಾದ ದೇಶದಲ್ಲಿ ತಾನೋ, ಅಪ್ಪ ಅಮ್ಮನೋ, ಅಜ್ಜ ಅಜ್ಜಿಯೋ ಹುಟ್ಟಿರಬೇಕು. ಬದಲಾವಣೆ ಜೀವಮಾನದಲ್ಲಿ ಒಂದೇ ಸಲ, ಅದಕ್ಕೂ ವರ್ಲ್ಡ್ ರಗ್ಬಿ ಸಮಿತಿ ಒಪ್ಪಬೇಕು. ಗಮನಿಸಿ, ಇಲ್ಲಿ ವಾಸದ ದಾರಿ ಇಲ್ಲ. ಐದು ವರ್ಷ ಅಲ್ಲಿದ್ದೆ ಅಂತ ಹೇಳಿ ಎರಡನೇ ದೇಶ ಕೇಳುವ ಹಾಗಿಲ್ಲ, ರಕ್ತಸಂಬಂಧ ಅಥವಾ ಹುಟ್ಟೂರು ಇದ್ದರೆ ಮಾತ್ರ. ಅಂದರೆ ದೊಡ್ಡ ದೇಶಗಳು ಸುಮ್ನೆ ಕ್ಲಬ್ ಒಪ್ಪಂದ ಕೊಟ್ಟು ಬೇರೆ ದೇಶದ ಹಳೇ ಆಟಗಾರರನ್ನು ಎತ್ತಿಕೊಳ್ಳಲಾಗದು.

ಫಲ ಬೇಗ ಕಂಡಿತು. ಆಸ್ಟ್ರೇಲಿಯಾ ಪರ 73 ಟೆಸ್ಟ್ ಆಡಿದ್ದ ಇಸ್ರೇಲ್ ಫೊಲಾವ್ 2022ರ ಜುಲೈನಲ್ಲಿ ಫಿಜಿ ಎದುರು ಟೋಂಗಾ ಪರ ಆಡಿದರು. 2023ರ ವಿಶ್ವಕಪ್‌ಗೆ ಸಮೋವಾ ತಂಡದಲ್ಲಿ ಹಳೇ ಆಲ್ ಬ್ಲ್ಯಾಕ್‌ಗಳಾದ ಲಿಮಾ ಸೊಪೋಆಗಾ, ಸ್ಟೀವನ್ ಲುಆಟುವಾ, ಚಾರ್ಲೀ ಫಾಉಮುಯಿನಾ ಇದ್ದರು, ಇಂಗ್ಲೆಂಡ್ ಎದುರು ಅವರು ಸೋತದ್ದು 17-18, ಒಂದೇ ಒಂದು ಅಂಕದಿಂದ. ದ್ವೀಪಗಳ ಹೆಸರಲ್ಲಿ ಬಂದ ನಿಯಮ ಬೇರೆಯವರಿಗೂ ಒದಗಿತು ಅನ್ನಿ: ಆಸ್ಟ್ರೇಲಿಯಾ ಪರ 14 ಟೆಸ್ಟ್ ಆಡಿದ್ದ ಜ್ಯಾಕ್ ಡೆಂಪ್ಸಿ ಅಜ್ಜನ ಲೆಕ್ಕದಲ್ಲಿ ಸ್ಕಾಟ್ಲೆಂಡ್ ಸೇರಿದರು. ಆದರೂ ನಾನು ಈ ನಿಯಮದ ಪರವೇ.

ಹುಟ್ಟಿದ ಊರಿನ ಮೇಲೆ ಇಷ್ಟೆಲ್ಲ ನಿಂತಿರುವಾಗ ಕಾಗದಪತ್ರ ಸರಿ ಇರಬೇಕಲ್ವಾ? ಎಷ್ಟೋ ಸಲ ಇರಲಿಲ್ಲ. 2000ದಲ್ಲಿ ವೇಲ್ಸ್ ತಂಡದ ಶೇನ್ ಹೊವಾರ್ತ್ ಮತ್ತು ಬ್ರೆಟ್ ಸಿಂಕಿನ್‌ಸನ್ ಇಬ್ಬರ ಅಜ್ಜಂದಿರೂ ವೇಲ್ಸ್‌ನಲ್ಲಿ ಹುಟ್ಟಿದವರಲ್ಲ ಅಂತ ಬಯಲಾಯಿತು. ಸ್ಕಾಟ್ಲೆಂಡ್‌ನ ಡೇವ್ ಹಿಲ್ಟನ್ ಕಥೆ ಇನ್ನೂ ಪಾಪ. ಅಜ್ಜ ಎಡಿನ್‌ಬರಾದವರು ಅಂತ ಲೆಕ್ಕ ಹಿಡಿದು ಎಷ್ಟೋ ಟೆಸ್ಟ್ ಆಡಿಯಾಗಿತ್ತು, ಹುಡುಕಿ ನೋಡಿದರೆ ಅಜ್ಜ ಹುಟ್ಟಿದ್ದು ಇಂಗ್ಲೆಂಡ್‌ನ ಬ್ರಿಸ್ಟಲ್. ಅವರು ಸುಮ್ಮನಾಗಲಿಲ್ಲ. ಸ್ಕಾಟ್ಲೆಂಡ್‌ನಲ್ಲೇ ಮೂರು ವರ್ಷದ ವಾಸ ಪೂರೈಸಿ, 2002ರಲ್ಲಿ ಇನ್ನೊಂದು ಟೆಸ್ಟ್ ಆಡಿಯೇ ಬಿಟ್ಟರು.

ಸ್ಪೇನ್‌ದು ಎಲ್ಲಕ್ಕಿಂತ ದುಬಾರಿ. 2022ರ ಮಾರ್ಚ್‌ನಲ್ಲಿ ಮೈದಾನದಲ್ಲಿ ವಿಶ್ವಕಪ್ ಅರ್ಹತೆ ಗಳಿಸಿ ಊರೆಲ್ಲ ಕುಣಿದಿತ್ತು. ಆಮೇಲೆ ಗೊತ್ತಾಯಿತು, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಒಬ್ಬ ಆಟಗಾರನ ವಾಸದ ಲೆಕ್ಕ ತುಂಬಿರಲಿಲ್ಲ, ಅದನ್ನು ಮುಚ್ಚೋಕೆ ಪಾಸ್‌ಪೋರ್ಟ್‌ನ ಜೆರಾಕ್ಸ್ ಪ್ರತಿಯನ್ನೇ ತಿದ್ದಲಾಗಿತ್ತು. ಅವರು ಆಡಿದ ಎರಡು ಪಂದ್ಯಕ್ಕೆ ಸೇರಿ 10 ಅಂಕ ಕಡಿತ. ಸ್ಪೇನ್ ಹೊರಗೆ, ರೊಮೇನಿಯಾ ಒಳಗೆ. ರೊಮೇನಿಯಾ ಮೇಲೆ ಹೋದದ್ದರಿಂದ ಪೋರ್ಚುಗಲ್‌ಗೆ ಕೊನೇ ಅರ್ಹತಾ ಸುತ್ತಿನ ಅವಕಾಶ ಸಿಕ್ಕಿತು, ಅದರಿಂದ ಅವರು ವಿಶ್ವಕಪ್‌ಗೆ ಬಂದರು, ಬಂದು ಫಿಜಿಯನ್ನು 24-23ರಿಂದ ಸೋಲಿಸಿದರು. ಒಂದು ಜೆರಾಕ್ಸ್ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ನಮ್ಮವರಿಗೆ ಇದರಿಂದ ಏನು? ಕ್ರಿಕೆಟ್‌ನಲ್ಲಿ ರಚಿನ್ ರವೀಂದ್ರ ಇದ್ದಾರಲ್ಲ, ಹುಟ್ಟಿದ್ದು ವೆಲಿಂಗ್ಟನ್, ಅಪ್ಪ ಅಮ್ಮ ಬೆಂಗಳೂರಿನವರು, ಹಾಗೇ ಬೆಳೆಯುತ್ತಿರುವ ಕನ್ನಡದ ಮಕ್ಕಳು ಆಕ್ಲೆಂಡ್‌ನಲ್ಲೂ ಡಬ್ಲಿನ್‌ನಲ್ಲೂ ಇದ್ದಾರೆ, ಶಾಲೆಯಲ್ಲಿ ರಗ್ಬಿ ಚೆಂಡು ಹಿಡಿಯುತ್ತಾರೆ. ಒಂದು ಉದಾಹರಣೆ ಇಟ್ಟುಕೊಳ್ಳಿ: ದಾವಣಗೆರೆಯ ದಂಪತಿ, ಆಕ್ಲೆಂಡ್‌ನಲ್ಲಿ ಹುಟ್ಟಿದ ಮಗಳು. ಅವಳು ನ್ಯೂಜಿಲೆಂಡ್‌ಗೆ ಹುಟ್ಟಿನಿಂದ ಆಡಬಹುದು, ವರ್ಲ್ಡ್ ರಗ್ಬಿ ಪ್ರಕಾರ ಅಪ್ಪ ಅಮ್ಮನಿಂದ ಭಾರತಕ್ಕೂ ಆಡಬಹುದು. ಆದರೆ ಭಾರತ ಸರ್ಕಾರ 2008ರಿಂದ ಎಲ್ಲ ಆಟಕ್ಕೂ ಒಂದೇ ಮಾತು ಹೇಳುತ್ತಿದೆ, ಭಾರತದ ಪಾಸ್‌ಪೋರ್ಟ್ ಇದ್ದರೆ ಮಾತ್ರ ಭಾರತದ ತಂಡ. ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಾಲದು, ಎರಡು ಪೌರತ್ವಕ್ಕೆ ನಮ್ಮಲ್ಲಿ ಜಾಗವೇ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಫುಟ್‌ಬಾಲ್‌ಗಾಗಿ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟೇ ಭಾರತದ್ದು ಪಡೆಯಬೇಕಾಯಿತು. ದಾವಣಗೆರೆ ಹುಡುಗಿಗೂ ಅದೇ ದಾರಿ.

ಇದನ್ನೇ ಒಂದು ತಲೆಮಾರು ತಿರುಗಿಸಿ. ಆ ಹುಡುಗಿ ಮುಂದೆ ಡಬ್ಲಿನ್ ಸೇರಿ, ಅವಳ ಮಗ ಅಲ್ಲಿ ಹುಟ್ಟಿದರೆ, ಅವನಿಗೆ ಹುಟ್ಟಿನಿಂದ ಐರ್ಲೆಂಡ್, ಅಮ್ಮನಿಂದ ನ್ಯೂಜಿಲೆಂಡ್, ದಾವಣಗೆರೆಯ ಅಜ್ಜಿಯಿಂದ ಕಾಗದದ ಮೇಲೆ ಭಾರತ. ಆಗ ಯಾರೋ ಒಬ್ಬರು ಅಜ್ಜಿ ಹುಟ್ಟಿದ್ದಕ್ಕೆ ದಾಖಲೆ ಕೊಡಿ ಅನ್ನುತ್ತಾರೆ. ನಮ್ಮ ಹಿರಿಯರಲ್ಲಿ ಅರ್ಧ ಜನರ ಹುಟ್ಟಿದ ದಿನ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಪುಣ್ಯಕ್ಕೆ ರಗ್ಬಿಯವರಿಗೆ ದಿನ ಮುಖ್ಯ ಅಲ್ಲ, ಊರು ಸಾಕು. ಟಿಸಿ ಎಲ್ಲಿದೆ ಅಂತ ಈಗಲೇ ಟ್ರಂಕ್ ತೆಗೆದು ನೋಡಿಕೊಳ್ಳಿ.